ಯೂರಿಯಾ ಲೆಕ್ಕಗಳನ್ನು ನಾನು ಬಿಡಿಸುವ ಬಗೆ

ಪಿಯು ಮಕ್ಕಳಿಗೆ ಮೋಲ್ ಲೆಕ್ಕ ಹೇಳಿಕೊಡುವಾಗ ನಾನು ಯೂರಿಯಾದಿಂದಲೇ ಶುರು ಮಾಡುತ್ತೇನೆ. ಮೋಲ್ ಅಂದರೆ ಅಣುಗಳನ್ನು ಎಣಿಸುವ ಅಳತೆ. ಯೂರಿಯಾದ ಒಂದು ಮೋಲ್ ಅಂದರೆ 60 ಗ್ರಾಂ, ಭಾಗಿಸೋದು ಸುಲಭ. ಜೊತೆಗೆ ನಮ್ಮ ಕಡೆ ಯೂರಿಯಾ ಮೂಟೆ ನೋಡದ ಮಕ್ಕಳು ಕಡಿಮೆ. ಆ 60 ಗ್ರಾಂನಲ್ಲಿ ಸಾರಜನಕ 28 ಗ್ರಾಂ, ಅಂದರೆ ಶೇ. 46.67. ಮೂಟೆಯ ಮೇಲೆ ಬರೆದಿರುವ ಶೇ. 46 ಎಲ್ಲಿಂದ ಬಂತು ಅಂತ ಮಕ್ಕಳಿಗೆ ತಾನಾಗಿಯೇ ಗೊತ್ತಾಗುತ್ತದೆ. 45 ಕೆಜಿ ಮೂಟೆಗೆ ಸಾರಜನಕ 20.7 ಕೆಜಿ.

ಜಾಸ್ತಿ ಜನ ಎಡವುವುದು ದ್ರಾವಣದ ಲೆಕ್ಕದಲ್ಲಿ. 1 ಮೊಲಾಲ್ ಅಂದರೆ ಒಂದು ಕೆಜಿ ನೀರಿಗೆ ಒಂದು ಮೋಲ್ ಯೂರಿಯಾ. '1 ಮೊಲಾಲ್ ಯೂರಿಯಾ ದ್ರಾವಣ 2 ಕೆಜಿ ಬೇಕು, ಯೂರಿಯಾ ಎಷ್ಟು?' ಅಂತ ಕೇಳಿದರೆ ತಟ್ಟನೆ 120 ಗ್ರಾಂ ಅನ್ನುತ್ತಾರೆ. ನಾನು ಸೂತ್ರಕ್ಕೆ ಕೈ ಹಾಕುವ ಮೊದಲು ಪಾತ್ರೆಯಲ್ಲಿ ಏನೇನಿದೆ ಅಂತ ಬರೆಸುತ್ತೇನೆ. ನೀರು 1000 ಗ್ರಾಂ, ಯೂರಿಯಾ 60 ಗ್ರಾಂ, ಒಟ್ಟು ದ್ರಾವಣ 1060 ಗ್ರಾಂ. ಮೊಲಾಲಿಟಿ ನಿಂತಿರುವುದು ಒಂದು ಕೆಜಿ ನೀರಿನ ಮೇಲೆ. ಪ್ರಶ್ನೆ ಕೇಳಿರುವುದು 2 ಕೆಜಿ ದ್ರಾವಣವನ್ನು. ಎರಡೂ ಬೇರೆ ಅಲ್ವಾ? ಹಾಗಾಗಿ 2000ವನ್ನು 60ರಿಂದ ಗುಣಿಸಿ 1060ರಿಂದ ಭಾಗಿಸಬೇಕು. ಉತ್ತರ 113.2 ಗ್ರಾಂ. ಈ ಒಂದು ಸಾಲು ಬರೆಯುವ ಅಭ್ಯಾಸ ಬಿದ್ದರೆ ಮೊಲಾಲಿಟಿಯ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಮೊಲಾರಿಟಿಯನ್ನು, ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇದೆ ಅನ್ನೋದನ್ನು, ನಾನು ಲ್ಯಾಬಿನಲ್ಲೇ ತೋರಿಸುತ್ತೇನೆ. 60 ಗ್ರಾಂ ಯೂರಿಯಾಕ್ಕೆ ಸುಮ್ನೆ ಒಂದು ಲೀಟರ್ ನೀರು ಸುರಿದರೆ ಅದು 1 ಮೊಲಾರ್ ಆಗುವುದಿಲ್ಲ. ಕಡಿಮೆ ನೀರಿನಲ್ಲಿ ಕರಗಿಸಿ, ಆಮೇಲೆ ಒಂದು ಲೀಟರ್ ಗೆರೆಯವರೆಗೆ ನೀರು ತುಂಬಬೇಕು. ಕರಗುವಾಗ ಬೀಕರ್ ಮುಟ್ಟಿ ನೋಡಿ ಅನ್ನುತ್ತೇನೆ. ಕೈಗೆ ತಣ್ಣಗೆ ತಾಗುತ್ತದೆ, ಯೂರಿಯಾ ಶಾಖ ಹೀರಿಕೊಂಡೇ ಕರಗುವುದು. ಆ ತಂಪು ಹೋಗುವ ತನಕ ಕಾದು ಗೆರೆಗೆ ತುಂಬಿದರೇ ಅಳತೆ ಸರಿ.

ಇನ್ನು ಇಳುವರಿ, ಅಂದರೆ ಸಿಗಬೇಕಾದದ್ದರಲ್ಲಿ ನಿಜವಾಗಿ ಸಿಕ್ಕಿದ್ದು ಶೇಕಡಾ ಎಷ್ಟು ಅನ್ನೋದು. ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್ ಸೇರಿದರೆ ಯೂರಿಯಾ ಮತ್ತು ನೀರು ಆಗುತ್ತದೆ. 170 ಗ್ರಾಂ ಅಮೋನಿಯಾ, 264 ಗ್ರಾಂ ಕಾರ್ಬನ್ ಡೈಆಕ್ಸೈಡ್ ಕೊಟ್ಟು, ಸಿಕ್ಕ ಯೂರಿಯಾ 240 ಗ್ರಾಂ ಅಂತ ಇಟ್ಟುಕೊಳ್ಳಿ. ಗ್ರಾಂ ನೋಡಿ ಯಾವುದು ಮೊದಲು ಮುಗಿಯುತ್ತದೆ ಅಂತ ಹೇಳಲು ಹೋಗಬೇಡಿ. ಮೋಲ್‌ಗೆ ಇಳಿಸಿ: ಅಮೋನಿಯಾ 10, ಇನ್ನೊಂದು 6. ಎರಡು ಮೋಲ್ ಅಮೋನಿಯಾಕ್ಕೆ ಒಂದು ಮೋಲ್ ಕಾರ್ಬನ್ ಡೈಆಕ್ಸೈಡ್ ಸಾಕು. 10ಕ್ಕೆ 5 ಖರ್ಚಾಗುತ್ತದೆ, 1 ಉಳಿಯುತ್ತದೆ. ಲಿಮಿಟಿಂಗ್ ರಿಯೇಜೆಂಟ್, ಅಂದರೆ ಮೊದಲು ಮುಗಿಯುವ ವಸ್ತು, ಅಮೋನಿಯಾ. ಪೂರ್ತಿ ನಡೆದರೆ ಯೂರಿಯಾ 5 ಮೋಲ್, 300 ಗ್ರಾಂ. ಇಳುವರಿ ಶೇ. 80. ಉಳಿಯುವ ವಸ್ತುವನ್ನು ಹಿಡಿದು ಲೆಕ್ಕ ಹಾಕಿದವರಿಗೆ 360 ಗ್ರಾಂ ಬಂದು, ಇಳುವರಿ ಶೇ. 66.7ಕ್ಕೆ ಇಳಿದುಬಿಡುತ್ತದೆ.

ತಾಳೆ ನೋಡಲು ನನ್ನದೊಂದು ಸಾಲಿದೆ. ಕ್ರಿಯೆ ಪೂರ್ತಿ ನಡೆದಾಗ ಯೂರಿಯಾ 300, ನೀರು 90, ಉಳಿದ ಕಾರ್ಬನ್ ಡೈಆಕ್ಸೈಡ್ 44. ಕೂಡಿದರೆ 434 ಗ್ರಾಂ. ಮೊದಲು ಹಾಕಿದ್ದು 170 ಮತ್ತು 264, ಅದೂ 434. ಈ ಎರಡು ಮೊತ್ತ ಸೇರದಿದ್ದರೆ ಶೇಕಡಾ ಲೆಕ್ಕಕ್ಕೆ ಮುಂದೆ ಹೋಗಲು ನಾನು ಬಿಡುವುದಿಲ್ಲ.