ಬೈ ಟೂ ಹೇಳಿಕೊಂಡು ಊರೂರು ಸುತ್ತಿದ್ದು

ನಾನು ಕುಂದಾಪುರದ ಕಡೆಯವಳು. ಮೀನಿಲ್ಲದಿದ್ದರೆ ಊಟ ಮಾಡಿದ ಹಾಗೇ ಅನ್ನಿಸುವುದಿಲ್ಲ. ನಮ್ಮ ಮನೆಯವರು ಧಾರವಾಡದವರು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಇಬ್ಬರಿಗೂ ತಿರುಗಾಟದ ಹುಚ್ಚು. ಮದುವೆಯಾದ ಹೊಸದರಲ್ಲಿ ಹೋದ ಕಡೆಯೆಲ್ಲ ಜಗಳ. ಬೀಚಿಗೆ ಹೋಗೋದಾ, ದೇವಸ್ಥಾನಕ್ಕೆ ಹೋಗೋದಾ ಅಂತಲ್ಲ. ಎಲ್ಲಿ ತಿನ್ನೋದು ಅಂತ.

ಇನ್ನೊಂದು ತೊಂದರೆಯೂ ಇತ್ತು. ಎಂಟು ಜನ ಹೋದರೆ ಹೋಟೆಲಿನಲ್ಲಿ ಇರುವುದನ್ನೆಲ್ಲ ಹೇಳಿ ರುಚಿ ನೋಡಬಹುದು. ಇಬ್ಬರೇ ಹೋದರೆ ಎರಡು ದೋಸೆಗೆ ಹೊಟ್ಟೆ ತುಂಬುತ್ತದೆ, ಆ ಊರಿನ ಉಳಿದದ್ದೆಲ್ಲ ಹಾಗೇ ಉಳಿಯುತ್ತದೆ.

ದಾರಿ ತೋರಿಸಿದ್ದು ನಮ್ಮ ಬೆಂಗಳೂರಿನ ಬೈ ಟೂ ಕಾಫಿ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಿಕೊಳ್ಳುವುದು ಇಲ್ಲಿ ಯಾರಿಗೂ ಹೊಸದಲ್ಲ. ತಿಂಡಿಗೂ ಅದನ್ನೇ ಮಾಡಿದರೇನು? ಒಂದು ಹೋಟೆಲಿಗೆ ಒಂದೇ ತಿಂಡಿ, ಅರ್ಧರ್ಧ, ತಿಂದು ಏಳೋದು. ತುಂಬಾ ಚೆನ್ನಾಗಿದ್ದರೂ ಇನ್ನೊಂದು ಹೇಳಬಾರದು. ಹಾಗೆ ಮಾಡಿದರೆ ಒಂದು ಬೆಳಿಗ್ಗೆ ಮೂರು ಹೋಟೆಲು ಆರಾಮಾಗಿ ಆಗುತ್ತದೆ.

ಮೊದಲು ಮಾಡಿ ನೋಡಿದ್ದು ಮೈಸೂರು ರಸ್ತೆಯಲ್ಲಿ. ಬೆಳಿಗ್ಗೆ ಬೇಗ ಹೊರಟು ಬಿಡದಿಯಲ್ಲಿ ಒಂದು ತಟ್ಟೆ ಇಡ್ಲಿ. ಅಷ್ಟಗಲದ ಇಡ್ಲಿ ಮೇಲೆ ಬೆಣ್ಣೆ. ನಡುವೆ ಬೆರಳಿಂದ ಗೆರೆ ಎಳೆದು ನಿನ್ನ ಕಡೆ, ನನ್ನ ಕಡೆ. ಆಮೇಲೆ ಮದ್ದೂರಿನಲ್ಲಿ ಒಂದು ವಡೆ. ಮದ್ದೂರು ವಡೆಗೆ ಉದ್ದು ರುಬ್ಬುವುದಿಲ್ಲ. ರವೆ, ಅಕ್ಕಿ ಹಿಟ್ಟು, ಮೈದಾ, ಜಾಸ್ತಿ ಈರುಳ್ಳಿ, ಕರಿಬೇವು. ಅಂಚು ಮುರಿದರೆ ಕಟ್ ಅನ್ನಬೇಕು, ಮಧ್ಯ ಸ್ವಲ್ಪ ಮೆತ್ತಗಿರಬೇಕು. ಅಂಚು ಯಾರಿಗೆ, ಮಧ್ಯ ಯಾರಿಗೆ ಅನ್ನೋದು ನಮ್ಮಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ.

ಒಂದು ಮಾತು. 2023ರಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ಕಾರಿನಲ್ಲಿ ಹೋಗುವವರಿಗೆ ಈ ಊರುಗಳು ಸಿಗುವುದೇ ಇಲ್ಲ. ನಾವೂ ಒಮ್ಮೆ ಮಾತಾಡ್ತಾ ಮಾತಾಡ್ತಾ ಸೀದಾ ಮಂಡ್ಯ ದಾಟಿ, ಹಸಿದ ಹೊಟ್ಟೆಯಲ್ಲಿ ಮೈಸೂರು ತಲುಪಿದ್ದೆವು. ತಿನ್ನೋಕೆ ಅಂತಲೇ ಹೋಗುವವರು ಹಳೇ ರಸ್ತೆ ಅಥವಾ ಸರ್ವಿಸ್ ರಸ್ತೆ ಹಿಡಿಯಿರಿ. ರೈಲಾದರೆ ಆ ಚಿಂತೆ ಇಲ್ಲ, ವಡೆ ಮಾರುವವರು ಬೋಗಿಗೇ ಬರುತ್ತಾರೆ.

ಮೈಸೂರಿನಲ್ಲಿ ನಜರ್‌ಬಾದಿನ ಮೈಲಾರಿ ದೋಸೆ ತಪ್ಪಿಸುವುದಿಲ್ಲ. ಇದು ಗರಿಗರಿ ದೋಸೆ ಅಲ್ಲ. ಬೆರಳಿಟ್ಟರೆ ಕುಸಿಯುವಷ್ಟು ಮೆತ್ತಗೆ, ಕೆಳಗೆ ಮಾತ್ರ ಹೊಂಬಣ್ಣ. ಬಾಳೆ ಎಲೆ ಮೇಲೆ ಬರುತ್ತದೆ. ಒಳಗೆ ಆಲೂಗಡ್ಡೆ ಪಲ್ಯದ ಬದಲು ಸಾಗು, ಮೇಲೆ ಬೆಣ್ಣೆಯ ಮುದ್ದೆ, ಪಕ್ಕದಲ್ಲಿ ಕಾಯಿ ಚಟ್ನಿ. ಬೆಣ್ಣೆ ಕರಗುವ ಮೊದಲೇ ದೋಸೆಯನ್ನು ಎರಡು ಮಾಡಬೇಕು. ತಡ ಮಾಡಿದರೆ ಬೆಣ್ಣೆಯೆಲ್ಲ ಒಂದೇ ಕಡೆ ಹರಿದು ಹೋಗುತ್ತದೆ. ಯಾವ ಕಡೆ ಅಂತ ಹೇಳಬೇಕಿಲ್ಲ, ಯಾವಾಗಲೂ ಅವರ ಕಡೆಗೇ.

ತಮಾಷೆ ಏನೆಂದರೆ ಅದೇ ಬೀದಿಯಲ್ಲಿ ಮೈಲಾರಿ ಹೆಸರಿನ ಹೋಟೆಲು ಒಂದಲ್ಲ, ಎರಡು. ಯಾವುದು ಅಸಲಿ ಅಂತ ಮೈಸೂರಿನವರನ್ನು ಕೇಳಿ, ಒಬ್ಬೊಬ್ಬರದು ಒಂದೊಂದು ಉತ್ತರ. ಬೈ ಟೂ ಮಾಡುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಅಲ್ಲೊಂದು, ಇಲ್ಲೊಂದು. ಅವರಿಗೆ ಒಂದು ಇಷ್ಟ, ನನಗೆ ಇನ್ನೊಂದು. ಯಾವುದು ಯಾರಿಗೆ ಅಂತ ಇಲ್ಲಿ ಬರೆಯುವುದಿಲ್ಲ, ಸುಮ್ನೆ ಯಾಕೆ ಜಗಳ. ಬರುವಾಗ ದೇವರಾಜ ಮಾರುಕಟ್ಟೆ ಹತ್ತಿರದ ಗುರು ಸ್ವೀಟ್ಸ್‌ನಲ್ಲಿ ಕಾಲು ಕಿಲೋ ಮೈಸೂರು ಪಾಕ್. ಇಬ್ಬರಿಗೆ ಅಷ್ಟೇ ಜಾಸ್ತಿ.

ಕರಾವಳಿಗೆ ಹೋದಾಗ ನಿಜವಾದ ಪರೀಕ್ಷೆ. ಉಡುಪಿಯಲ್ಲಿ ಬೆಳಗ್ಗಿನ ಹೊತ್ತು ಕಷ್ಟವಿಲ್ಲ. ಮಠದ ಹತ್ತಿರ ಮಿತ್ರ ಸಮಾಜದಲ್ಲಿ ಒಂದು ಪ್ಲೇಟ್ ಗೋಳಿಬಜೆ, ಬನ್ಸ್, ಕಾಫಿ. ಬನ್ಸ್ ಅಂದರೆ ಬೇಕರಿಯ ಬನ್ ಅಂದುಕೊಂಡು ಮೊದಲ ಸಲ ಇವರು ಬೇಡ ಅಂದಿದ್ದರು. ಬಾಳೆಹಣ್ಣು, ಮೊಸರು, ಮೈದಾ ಕಲಸಿ ಹುಳಿ ಬರಿಸಿ ಪೂರಿ ಹಾಗೆ ಕರಿದದ್ದು ಅಂತ ಗೊತ್ತಾದ ಮೇಲೆ ಈಗ ಅದಕ್ಕೆ ಬೈ ಟೂ ಒಪ್ಪುವುದಿಲ್ಲ.

ಮಧ್ಯಾಹ್ನವೇ ಸಮಸ್ಯೆ. ಮಂಗಳೂರಿನಲ್ಲಿ ಮೀನಿನ ಹೋಟೆಲು ಹುಡುಕುತ್ತಾ ಬಿಸಿಲಲ್ಲಿ ಅರ್ಧ ಗಂಟೆ ಸುತ್ತಿಸಿದ್ದಕ್ಕೆ ಒಮ್ಮೆ ರೇಗಿಬಿಟ್ಟರು. "ನಿನಗ ಮೀನ ಸಿಗೂತನಾ ನಾ ಉಪಾಸ ಇರಲೇನ?" ನನಗೂ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಸರಿಯೇ. ಅವತ್ತಿಂದ ಹೀಗೆ ಮಾಡುತ್ತೇವೆ: ಮೊದಲು ಸಸ್ಯಾಹಾರಿ ಹೋಟೆಲಿನಲ್ಲಿ ಅವರ ಊಟ, ನಾನು ಎದುರಿಗೆ ಕೂತು ಮಜ್ಜಿಗೆ ಕುಡಿಯುತ್ತೇನೆ. ಆಮೇಲೆ ಮೀನಿನ ಹೋಟೆಲಿನಲ್ಲಿ ನನ್ನ ಊಟ, ಅವರು ಎದುರಿಗೆ ಕೂತು ಪುನರ್ಪುಳಿ ಶರಬತ್ತು ಕುಡಿಯುತ್ತಾರೆ. ವಾಸನೆ ಅಂತ ಮುಖ ಸಿಂಡರಿಸುವ ಹಾಗಿಲ್ಲ. ನಾನೂ ಅವರ ತಟ್ಟೆ ನೋಡಿ "ಬರೀ ಸೊಪ್ಪಾ?" ಅನ್ನುವ ಹಾಗಿಲ್ಲ.

ಮೀನು ತಿನ್ನುವವರಿಗೆ ಎರಡು ಮಾತು. ತಟ್ಟೆಯಲ್ಲಿ ಮೀನು ತಂದು ತೋರಿಸುವ ಹೋಟೆಲು ಆದರೆ ನೋಡಿ ಆರಿಸಿ, ಮೊದಲು ರೇಟು ಕೇಳಿ. ಕಾಣೆ ಮೀನಿಗೂ ಅಂಜಲ್ ಮೀನಿಗೂ ದರ ಗಾತ್ರದ ಮೇಲೆ. ಬಿಲ್ಲು ಬಂದ ಮೇಲೆ ಕಣ್ಣು ಬಿಟ್ಟು ಪ್ರಯೋಜನವಿಲ್ಲ. ನನಗಂತೂ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಒಂದು ತವಾ ಫ್ರೈ ಸಾಕು. ರವಾ ಫ್ರೈ ಹೊರಗಿಂದ ಬಂದವರಿಗೆ ಇಷ್ಟ, ನನಗೆ ರವೆಯೇ ಬಾಯಿಗೆ ಸಿಗುತ್ತದೆ.

ಎರಡನೆಯದು ನಾನೇ ಮಾಡಿದ ತಪ್ಪು. ಒಂದು ವರ್ಷ ಮಳೆ ನೋಡೋಣ ಅಂತ ಜೂನ್ ಕೊನೆಯಲ್ಲಿ ಹೋದೆವು. ಆಸೆಯಿಂದ ಅಂಜಲ್ ಹೇಳಿದೆ. ಬಂದದ್ದು ಹತ್ತಿ ಅಗಿದ ಹಾಗಿತ್ತು, ಐಸಿನ ಮೀನು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಅಂತ ಕುಂದಾಪುರದವಳಿಗೆ ಧಾರವಾಡದವರು ನೆನಪಿಸಬೇಕಾಯಿತು! ಆ ಪ್ರವಾಸದಲ್ಲಿ ಗೆದ್ದವರು ಅವರೇ. ಮಳೆಗಾಲ ಅಂದರೆ ಪತ್ರೊಡೆ ಕಾಲ. ಕೆಸುವಿನ ಎಲೆಗೆ ಅಕ್ಕಿ, ಹುಳಿ, ಮಸಾಲೆ ರುಬ್ಬಿ ಹಚ್ಚಿ ಸುತ್ತಿ ಬೇಯಿಸಿದ್ದು. ಮೂರು ದಿನವೂ ಅದನ್ನೇ ಕೇಳಿದರು. ಮೂರನೇ ದಿನ ನಾನೂ ಅದನ್ನೇ ತಿಂದೆ.

ಬೈ ಟೂ ಆಗದ್ದೂ ಇದೆ. ಗಡ್‌ಬಡ್ ಐಸ್‌ಕ್ರೀಮ್ ಅದರಲ್ಲೊಂದು. ಅದು ಹುಟ್ಟಿದ್ದು ಉಡುಪಿಯ ಡಯಾನಾದಲ್ಲಿ ಅನ್ನುತ್ತಾರೆ. ನಾವು ಹಂಚಿಕೊಂಡದ್ದು ಮಂಗಳೂರಿನ ಪಬ್ಬಾಸ್‌ನಲ್ಲಿ. ಉದ್ದನೆಯ ಗ್ಲಾಸು, ಎರಡು ಚಮಚ. ಮೇಲಿನ ಐಸ್‌ಕ್ರೀಮು, ಗೋಡಂಬಿ ಮುಗಿಯುವವರೆಗೆ ಸಂಸಾರ ಚೆನ್ನಾಗಿತ್ತು. ಕೆಳಗಿನ ಜೆಲ್ಲಿ ತಲುಪಿದಾಗ ಚಮಚಕ್ಕೆ ಚಮಚ ತಾಗತೊಡಗಿತು. ಈಗ ಎರಡು ಹೇಳುತ್ತೇವೆ.

ಊಟವೂ ಅಷ್ಟೇ. ಒಂದು ಊರಿನಲ್ಲಿ, ಹೆಸರು ಬೇಡ, ಫುಲ್ ಊಟ ಒಂದೇ ಹೇಳಿ ಇಬ್ಬರೂ ಕೈ ಹಾಕಿದೆವು. ಗಲ್ಲಾದಲ್ಲಿ ಕೂತವರು ಎಲ್ಲರೆದುರು "ಒಂದು ಟೋಕನ್ನಿಗೆ ಒಬ್ಬರೇ" ಅಂತ ಕೂಗಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಯೋಚಿಸಿದರೆ ಅವರದು ತಪ್ಪಲ್ಲ, ಕೇಳಿದಷ್ಟು ಅನ್ನ ಬಡಿಸುವಲ್ಲಿ ಹಂಚಿಕೊಂಡರೆ ಅವರು ಹೋಟೆಲು ನಡೆಸೋದು ಹೇಗೆ? ಪ್ಲೇಟ್ ಊಟವಾದರೆ ಮಾತ್ರ, ಅದೂ ಕೇಳಿಕೊಂಡು, ಹಂಚಿಕೊಳ್ಳುತ್ತೇವೆ.

ಧಾರವಾಡಕ್ಕೆ ಹೋದರೆ ನಾನು ಅತಿಥಿ. ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಲೈನ್ ಬಜಾರಿನಲ್ಲಿ ಪೇಡೆಗೆ ಸಾಲಿನಲ್ಲಿ ನಿಲ್ಲುವುದು ಅವರ ಕೆಲಸ. ಸಂಜೆಗೆ ಗಿರ್ಮಿಟ್. ಚುರುಮುರಿಗೆ ಈರುಳ್ಳಿ-ಟೊಮೆಟೊ ಒಗ್ಗರಣೆ, ಪುಟಾಣಿ ಪುಡಿ ಕಲಸಿ, ಪಕ್ಕಕ್ಕೆ ಒಂದು ಮಿರ್ಚಿ. ಕಲಸಿದ ಐದು ನಿಮಿಷಕ್ಕೆ ಚುರುಮುರಿ ಮೆತ್ತಗಾಗುತ್ತದೆ. ಆದ್ದರಿಂದ ಇಬ್ಬರು ಸೇರಿ ಬೇಗ ಖಾಲಿ ಮಾಡುವುದೇ ಸರಿ.

ಹೊಸ ಊರಿನಲ್ಲಿ ಹೋಟೆಲು ಹುಡುಕುವುದು ಹೇಗೆ ಅಂತ ಗೆಳತಿಯರು ಕೇಳುತ್ತಾರೆ. ಆಟೋದವರನ್ನೋ ಹೂ ಮಾರುವವರನ್ನೋ ಕೇಳುತ್ತೇವೆ. ಆದರೆ "ಒಳ್ಳೆ ಹೋಟೆಲ್ ಎಲ್ಲಿದೆ?" ಅಂತ ಕೇಳಬಾರದು. ಹಾಗೆ ಕೇಳಿದರೆ ನಮ್ಮ ಬಟ್ಟೆ ನೋಡಿ ಏಸಿ ಇರುವ ಕಡೆ ಕಳಿಸುತ್ತಾರೆ. "ನೀವು ಬೆಳಿಗ್ಗೆ ಎಲ್ಲಿ ತಿಂದ್ರಿ?" ಅಂತ ಕೇಳಬೇಕು. ಕಾರಿನಲ್ಲಿ ಎರಡು ಚಮಚ, ಒಂದು ಖಾಲಿ ಸ್ಟೀಲ್ ಡಬ್ಬಿ, ಹೊಟ್ಟೆಯುರಿಗೆ ಒಂದು ಪಟ್ಟಿ ಜೆಲುಸಿಲ್ ಮಾತ್ರೆ ಸದಾ ಇರುತ್ತದೆ.

ಹೋದ ಜನವರಿಯಲ್ಲಿ ಶಿರಸಿ ಹತ್ತಿರ ಪರಿಚಯದವರ ಆಲೆಮನೆಗೆ ಹೋಗಿದ್ದೆವು. ರಾತ್ರಿ ಚಳಿ. ಒಲೆ ಮೇಲೆ ಬೆಲ್ಲ ಕುದಿಯುವ ಘಮ. ಬಾಳೆ ಎಲೆಯಲ್ಲಿ ಮಂಡಕ್ಕಿ, ಮಿರ್ಚಿ ಬಜೆ, ಕೈಗೊಂದು ಲೋಟ. ಅಭ್ಯಾಸಬಲದಿಂದ ಇವರು "ಇಬ್ಬರಿಗೂ ಒಂದೇ ಸಾಕ್ರಿ, ಬೈ ಟೂ" ಅಂದರು. ಮನೆಯ ಅಜ್ಜಿಗೆ ಆ ಮಾತು ಅರ್ಥವಾಗಲಿಲ್ಲ. ಇನ್ನೊಂದು ಲೋಟ ತಂದು ಅವರ ಕೈಗಿಟ್ಟು, ತಂಬಿಗೆ ಬಗ್ಗಿಸಿ ಕಬ್ಬಿನ ಹಾಲು ಸುರಿದರು. ಮುಗಿಯುವ ಮೊದಲೇ ಮತ್ತೆ ಸುರಿದರು. ಐದನೇ ಲೋಟಕ್ಕೆ ಇವರು ಲೋಟದ ಮೇಲೆ ಅಂಗೈ ಮುಚ್ಚಿ ನನ್ನ ಕಡೆ ನೋಡಿದರು. ನಾನು ನನ್ನ ಲೋಟ ಮುಂದೆ ಹಿಡಿದೆ.