ಸಾಫ್ಟ್‌ವೇರಿನ ಸ್ಟಾಕೂ ಕಪಾಟಿನ ಸ್ಟಾಕೂ ತಾಳೆಯಾಗಬೇಕಾದರೆ

ಕಂಪನಿಯ ದಾಸ್ತಾನನ್ನು ಸಾಫ್ಟ್‌ವೇರಿಗೆ ಹತ್ತಿಸುವಾಗ ನಾನು ಹೆಚ್ಚು ಸಮಯ ಕೊಡುವುದು ಐಟಂ ಮಾಸ್ಟರ್‌ಗೆ, ಅಂದರೆ ಪ್ರತಿ ಮಾಲಿನ ಹೆಸರು, ಕೋಡ್, ಯೂನಿಟ್ ಇರುವ ಮೂಲ ಪಟ್ಟಿಗೆ. ಎಕ್ಸೆಲ್‌ನ ಹಳೆಯ ಪಟ್ಟಿಯನ್ನು ಹಾಗೇ ಇಂಪೋರ್ಟ್ ಮಾಡಿದರೆ ‘ಬೋಲ್ಟ್ ಎಂ8’, ‘ಎಂ8 ಬೋಲ್ಟ್’, ‘ಬೋಲ್ಟ್ 8 ಎಂಎಂ’ ಎಂದು ಒಂದೇ ಮಾಲು ಮೂರು ಹೆಸರಲ್ಲಿ ಕೂರುತ್ತದೆ. ಒಂದರಲ್ಲಿ ಸ್ಟಾಕ್ ಏರುತ್ತಲೇ ಇರುತ್ತದೆ, ಇನ್ನೊಂದರಲ್ಲಿ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಮೊದಲು ಹೆಸರು ಬರೆಯುವ ಕ್ರಮ ನಿಗದಿ ಮಾಡುತ್ತೇನೆ: ವಸ್ತು, ಅಳತೆ, ಉದ್ದ, ಲೋಹ. ಕೋಡಿನೊಳಗೆ ಸರಬರಾಜುದಾರರ ಹೆಸರನ್ನೋ ರ್‍ಯಾಕ್ ನಂಬರನ್ನೋ ತುರುಕುವುದಿಲ್ಲ. ಅವು ಬದಲಾಗುತ್ತವೆ, ಕೋಡ್ ಬದಲಾಗಬಾರದು.

ಅತಿ ಹೆಚ್ಚು ಏರುಪೇರು ಹುಟ್ಟುವುದು ಯೂನಿಟ್‌ನಲ್ಲಿ. ಕೊಳ್ಳುವುದು ಬಾಕ್ಸ್ ಲೆಕ್ಕ, ಮಾರುವುದು ಬಿಡಿ ಲೆಕ್ಕ. 1 ಬಾಕ್ಸ್ ಅಂದರೆ 100 ಎಂದು ಹೊಂದಿಸದಿದ್ದರೆ ಬಂದ 12 ಬಾಕ್ಸ್ ಬರೀ 12 ಬೋಲ್ಟಾಗಿ ಜಮೆಯಾಗುತ್ತದೆ. 50 ಬೋಲ್ಟಿನ ಮೊದಲ ಬಿಲ್ಲಿಗೇ ಸ್ಟಾಕ್ ಮೈನಸ್ 38. ಮೂಲ ಯೂನಿಟ್ ಅತಿ ಸಣ್ಣದೇ ಇರಲಿ. ವಹಿವಾಟು ಶುರುವಾದ ಮೇಲೆ ಅದನ್ನು ತಿದ್ದಲು ಎಷ್ಟೋ ಸಾಫ್ಟ್‌ವೇರ್‌ಗಳು ಬಿಡುವುದೇ ಇಲ್ಲ.

ಮೈನಸ್ ಸ್ಟಾಕ್ ಬಿಡುವ ಆಯ್ಕೆಯನ್ನು ನಾನು ಮುಚ್ಚಿಯೇ ಇಡುತ್ತೇನೆ. ‘ಮಾಲು ಕಣ್ಣೆದುರೇ ಇದೆ, ಬಿಲ್ ಆಗುತ್ತಿಲ್ಲ’ ಎಂಬ ಕೂಗು ಕೌಂಟರಿನಿಂದ ಬಂದೇ ಬರುತ್ತದೆ. ಕಾರಣ ಬಹುಮಟ್ಟಿಗೆ ಒಂದೇ: ಮಾಲು ಇಳಿದು ರ್‍ಯಾಕಿಗೂ ಹೋಗಿದೆ, ಆದರೆ ಇನ್‌ವಾಯ್ಸ್ ಬಂದಿಲ್ಲವೆಂದು ಯಾರೂ ಎಂಟ್ರಿ ಮಾಡಿಲ್ಲ. ಇದಕ್ಕೆ ಮದ್ದು, ಮಾಲು ಸ್ವೀಕೃತಿಯನ್ನೂ ಖರೀದಿ ಬಿಲ್ಲನ್ನೂ ಬೇರೆ ಬೇರೆ ಎಂಟ್ರಿ ಮಾಡುವುದು. ಲಾರಿ ಖಾಲಿಯಾಗುತ್ತಿರುವಾಗಲೇ ಪರ್ಚೇಸ್ ಆರ್ಡರ್ ತೆರೆದು, ಎಣಿಸಿದ ಸಂಖ್ಯೆಯನ್ನಷ್ಟೇ ಜಿಆರ್‌ಎನ್‌ನಲ್ಲಿ (ಮಾಲು ಸ್ವೀಕೃತಿ ಚೀಟಿ) ಹಾಕಬೇಕು. ದರ ಆಮೇಲೆ ಬಿಲ್ ಬಂದಾಗ ಕೂರಲಿ. ಮೈನಸ್‌ಗೆ ಬಿಟ್ಟರೆ ಸಂಖ್ಯೆಯ ಜೊತೆ ಲಾಭದ ಲೆಕ್ಕವೂ ಕೆಡುತ್ತದೆ. ಇಲ್ಲದ ಮಾಲಿಗೆ ಸರಾಸರಿ ದರ ಎಲ್ಲಿಂದ ಬರಬೇಕು? ಸಾಫ್ಟ್‌ವೇರ್ ಹಳೆಯ ದರವನ್ನೋ ಸೊನ್ನೆಯನ್ನೋ ಹಿಡಿಯುತ್ತದೆ.

ಸ್ಟಾಕ್ ಎಷ್ಟಕ್ಕೆ ಇಳಿದಾಗ ಮತ್ತೆ ಆರ್ಡರ್ ಮಾಡಬೇಕೆಂಬ ಮಟ್ಟವನ್ನು, ಅಂದರೆ ರೀಆರ್ಡರ್ ಲೆವೆಲ್ಲನ್ನು, ಅಂದಾಜಿನಲ್ಲಿ ಹಾಕಿದರೆ ಅಲರ್ಟ್‌ಗಳನ್ನು ಬೇಗನೆ ಎಲ್ಲರೂ ಕಡೆಗಣಿಸುತ್ತಾರೆ. ದಿನಕ್ಕೆ 40 ಖರ್ಚು, ಮಾಲು ಬರಲು 7 ದಿನ, ಮೇಲೆ 3 ದಿನದ ಆಪತ್ತಿನ ದಾಸ್ತಾನು: 280 ಕೂಡಿಸು 120, ಅಂದರೆ 400. ಇಲ್ಲಿ 7 ದಿನ ಎಂಬುದು ಸರಬರಾಜುದಾರರ ಬಾಯಿಮಾತಿನದಲ್ಲ, ಹಿಂದಿನ ಆರ್ಡರ್ ಮತ್ತು ಜಿಆರ್‌ಎನ್ ತಾರೀಖುಗಳ ನಡುವಿನ ಅಂತರದ್ದು. ಅಲರ್ಟ್ ಬರೀ ಕೈಯಲ್ಲಿರುವ ಸ್ಟಾಕ್ ನೋಡುತ್ತದೆಯೋ, ಬರಬೇಕಾದ ಆರ್ಡರನ್ನು ಕೂಡಿಸಿ, ಗಿರಾಕಿಗೆ ಕಾದಿರಿಸಿದ್ದನ್ನು ಕಳೆದು ನೋಡುತ್ತದೆಯೋ ಎಂಬುದನ್ನೂ ಪರೀಕ್ಷಿಸಿ. ಮೊದಲನೆಯದಾದರೆ ಒಂದೇ ಮಾಲಿಗೆ ಎರಡು ಸಲ ಆರ್ಡರ್ ಹೋಗುತ್ತದೆ.

ಅವಧಿ ಮುಗಿಯುವ ಮಾಲಿಗೆ ಬ್ಯಾಚ್ ನಂಬರ್ ಕಡ್ಡಾಯ ಮಾಡಿ, ಬೇಗ ಮುಗಿಯುವುದು ಮೊದಲು ಹೊರಡುವಂತೆ ಹೊಂದಿಸಿದರೆ ಸಾಕು.

ವರ್ಷಕ್ಕೊಮ್ಮೆ ಬಾಗಿಲು ಹಾಕಿ ಎಣಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ವ್ಯತ್ಯಾಸ ಸಿಕ್ಕರೂ ಕಾರಣ ಅಷ್ಟರಲ್ಲಿ ಹಳತಾಗಿರುತ್ತದೆ. ದುಬಾರಿ ಮತ್ತು ವೇಗವಾಗಿ ಓಡುವ ಐಟಂಗಳನ್ನು ತಿಂಗಳಿಗೊಮ್ಮೆ, ಮಧ್ಯಮದವನ್ನು ಮೂರು ತಿಂಗಳಿಗೊಮ್ಮೆ, ಉಳಿದವನ್ನು ಆರು ತಿಂಗಳಿಗೊಮ್ಮೆ ಎಣಿಸಿದರೆ ದಿನಕ್ಕೆ ಕೆಲವು ಸಾಲು ಮಾತ್ರ ಬರುತ್ತವೆ. ಎಣಿಕೆ ಹಾಳೆಯಲ್ಲಿ ಸಾಫ್ಟ್‌ವೇರಿನ ಸಂಖ್ಯೆ ಇರಬಾರದು. 96 ಎಂದು ಕಂಡರೆ ಎಣಿಸುವವರಿಗೂ 96 ಸಿಗುತ್ತದೆ. ವ್ಯತ್ಯಾಸ ಬಂದರೆ ಮೊದಲು ಬಾಕಿ ಉಳಿದ ಜಿಆರ್‌ಎನ್, ಬಿಲ್ಲಾಗದ ಚಲನ್, ದಾರಿಯಲ್ಲಿರುವ ವರ್ಗಾವಣೆ ನೋಡಿ, ಮತ್ತೊಮ್ಮೆ ಎಣಿಸಿ, ಆಮೇಲೆ ಹೊಂದಾಣಿಕೆ, ಅಂದರೆ ಸಾಫ್ಟ್‌ವೇರಿನ ಸಂಖ್ಯೆಯನ್ನು ಎಣಿಕೆಗೆ ತಕ್ಕಂತೆ ತಿದ್ದುವುದು. ಎಣಿಸಿದವರಿಗೆ ಹೊಂದಾಣಿಕೆ ಮಾಡುವ ಹಕ್ಕು ಕೊಡಬೇಡಿ. ಹೊಂದಾಣಿಕೆಯ ಕಾರಣಗಳ ಪಟ್ಟಿಯಲ್ಲಿ ಒಡೆದದ್ದು, ತಪ್ಪು ಯೂನಿಟ್, ತಪ್ಪು ಕೋಡ್, ಎಂಟ್ರಿ ಬಿಟ್ಟದ್ದು ಇರಲಿ, ‘ಇತರೆ’ ಬೇಡ. ಇದ್ದರೆ ಎಲ್ಲರೂ ಅದನ್ನೇ ಒತ್ತುತ್ತಾರೆ.