ಡೌನ್‌ವೋಟ್‌ಗೆ ಕಾರಣ ಕೊಡಲೇಬೇಕಾ? ನಾನು ಪಾಲಿಸುವ ಕ್ರಮ

ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಡೌನ್‌ವೋಟ್ (ಸರಿ ಇಲ್ಲ ಅನ್ನಿಸಿದ ಪ್ರಶ್ನೆಗೋ ಉತ್ತರಕ್ಕೋ ಒತ್ತುವ ಮೈನಸ್) ಹಾಕುವವರು ಕಾರಣ ಬರೆಯಲೇಬೇಕು ಎಂಬ ಬೇಡಿಕೆ ಬಹಳ ಹಳೆಯದು. 2008ರಲ್ಲಿ ಜೆಫ್ ಆಟ್‌ವುಡ್ ಮತ್ತು ಜೋಯೆಲ್ ಸ್ಪೋಲ್ಸ್ಕಿ ಶುರು ಮಾಡಿದ ಈ ತಾಣದಲ್ಲಿ ಎಷ್ಟೋ ಜನ ಎಷ್ಟೋ ಸಲ ಇದನ್ನು ಕೇಳಿದ್ದಾರೆ. ನಿಯಮ ಮಾತ್ರ ಬಂದಿಲ್ಲ. ಹೊಸಬರಿಗೆ ಇದು ಅನ್ಯಾಯ ಅನ್ನಿಸುತ್ತದೆ. ಕಷ್ಟಪಟ್ಟು ಬರೆದ ಪ್ರಶ್ನೆಯ ಪಕ್ಕ ಮೈನಸ್ ಒಂದು ಅಂತ ಬಂದು, ಯಾರೂ ಏನೂ ಹೇಳದೆ ಹೋದರೆ ಬೇಜಾರಾಗದೆ ಇರುತ್ತದಾ?

ನಾನು ಡೇಟಾಬೇಸ್ ಕೆಲಸ ಮಾಡುವವಳು. ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆಜ್ಞೆ ಕೊಡುವ ಭಾಷೆ) ಮತ್ತು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಪ್ರಶ್ನೆಗಳಿಗೆ ಅಲ್ಲಿ ವರ್ಷಗಳಿಂದ ಉತ್ತರ ಬರೆಯುತ್ತಿದ್ದೇನೆ. ಬೇರೆಯವರ ಉತ್ತರಗಳನ್ನು ಓದಿ ವೋಟ್ ಹಾಕುವುದನ್ನೂ ಅಷ್ಟೇ ಮುಖ್ಯವಾದ ಕೆಲಸ ಅಂತ ತಿಳಿದಿದ್ದೇನೆ. ಕಾರಣ ಕಡ್ಡಾಯ ಮಾಡುವುದು ನನಗೆ ಒಪ್ಪಿಗೆ ಇಲ್ಲ. ಹಾಗಂತ ಸುಮ್ನೆ ಮೈನಸ್ ಒತ್ತಿ ಮುಂದೆ ಹೋಗುವುದೂ ಒಪ್ಪಿಗೆ ಇಲ್ಲ. ಕಾರಣ ಹೇಳಿದರೆ ಏನಾದರೂ ಬದಲಾಗುತ್ತದೆ ಅನ್ನುವ ಕಡೆ ನಾನು ತಪ್ಪದೆ ಬರೆಯುತ್ತೇನೆ. ಉಳಿದ ಕಡೆ ಬರೆಯುವುದಿಲ್ಲ. ಈ ಎರಡನ್ನು ಹೇಗೆ ಬೇರೆ ಮಾಡಿಕೊಳ್ಳುತ್ತೇನೆ ಅಂತ ಹೇಳುತ್ತೇನೆ.

ಮೊದಲು ಲೆಕ್ಕ ತಿಳಿದಿರಲಿ. ಒಂದು ಅಪ್‌ವೋಟ್ ಬಂದರೆ ಬರೆದವರಿಗೆ 10 ಅಂಕ. ಡೌನ್‌ವೋಟ್ ಬಂದರೆ 2 ಅಂಕ ಹೋಗುತ್ತದೆ. ಉತ್ತರಕ್ಕೆ ಡೌನ್‌ವೋಟ್ ಹಾಕಿದರೆ ಹಾಕಿದವರಿಗೂ 1 ಅಂಕ ಕಡಿಮೆಯಾಗುತ್ತದೆ. ಪ್ರಶ್ನೆಗೆ ಹಾಕಿದರೆ ಆ ಖರ್ಚಿಲ್ಲ. ಡೌನ್‌ವೋಟ್ ಹಾಕುವ ಹಕ್ಕು ಬರುವುದೇ 125 ಅಂಕ ಆದ ಮೇಲೆ. ಅಂದರೆ ಅಂಕದ ದೃಷ್ಟಿಯಿಂದ ನೋಡಿದರೆ ಐದು ಜನ ಬೇಡ ಅಂದದ್ದನ್ನು ಒಬ್ಬರು ಚೆನ್ನಾಗಿದೆ ಅಂದರೆ ಸರಿಹೋಗುತ್ತದೆ. ನೋವಾಗುವುದು ಅಂಕಕ್ಕಲ್ಲ, ಏನು ತಪ್ಪಾಯಿತು ಅಂತ ಗೊತ್ತಾಗದೆ ಇರುವುದಕ್ಕೆ.

ನಾನು ಅತಿ ಹೆಚ್ಚು ಕಾರಣ ಬರೆಯುವುದು ಒಂದೇ ತರಹದ ಉತ್ತರಗಳಿಗೆ. ಯಾರೋ ಒಬ್ಬರು ಕೇಳಿರುತ್ತಾರೆ: ವೆಬ್ ಪುಟದಲ್ಲಿ ಬಳಕೆದಾರರು ಟೈಪ್ ಮಾಡಿದ ಹೆಸರನ್ನು ಡೇಟಾಬೇಸ್‌ನಲ್ಲಿ ಹುಡುಕುವುದು ಹೇಗೆ ಅಂತ. ಉತ್ತರ ಕೊಟ್ಟವರು ಆ ಹೆಸರನ್ನು ಪ್ಲಸ್ ಗುರುತು ಹಾಕಿ ನೇರವಾಗಿ ಕ್ವೆರಿಯ, ಅಂದರೆ ಡೇಟಾಬೇಸ್‌ಗೆ ಕಳಿಸುವ ಆಜ್ಞೆಯ, ವಾಕ್ಯಕ್ಕೆ ಸೇರಿಸಿರುತ್ತಾರೆ. ಕೋಡ್ ಓಡುತ್ತದೆ. ಕೇಳಿದವರಿಗೆ ಖುಷಿಯಾಗುತ್ತದೆ, ಈ ಉತ್ತರ ಒಪ್ಪಿಗೆ ಅನ್ನುವ ಹಸಿರು ಟಿಕ್ ಕೂಡ ಕೊಟ್ಟುಬಿಡುತ್ತಾರೆ. ಆದರೆ ಹೆಸರಿನ ಜಾಗದಲ್ಲಿ ಯಾರಾದರೂ ಎಸ್‌ಕ್ಯೂಎಲ್ ತುಣುಕನ್ನೇ ಟೈಪ್ ಮಾಡಿದರೆ ಡೇಟಾಬೇಸ್ ಅದನ್ನು ಆಜ್ಞೆ ಅಂತಲೇ ಓದುತ್ತದೆ. ಎಸ್‌ಕ್ಯೂಎಲ್ ಇಂಜೆಕ್ಷನ್ ಅಂತ ನಾವು ಹೆದರುವುದು ಇದಕ್ಕೇ. ಆ ಉತ್ತರವನ್ನು ಕಾಪಿ ಮಾಡಿಕೊಂಡು ಹೋಗುವ ನೂರಾರು ಜನರ ತಾಣಗಳಿಗೂ ಅದೇ ತೂತು ಬೀಳುತ್ತದೆ.

ಇಂಥ ಕಡೆ ನಾನು ಮೊದಲು ಕಾಮೆಂಟ್ ಬರೆಯುತ್ತೇನೆ, ವೋಟ್ ಆಮೇಲೆ. ಈ ಕ್ರಮ ನನಗೆ ಬಹಳ ಮುಖ್ಯ. ಕಾರಣವನ್ನು ವಾಕ್ಯವಾಗಿ ಬರೆಯಲು ಕೂತಾಗ, ಇದು ನಿಜವಾಗಿ ತಪ್ಪೋ ಅಥವಾ ನಾನು ಬರೆಯುವ ರೀತಿಗಿಂತ ಬೇರೆ ಅಷ್ಟೆಯೋ ಅನ್ನುವುದು ಗೊತ್ತಾಗಿಬಿಡುತ್ತದೆ. ಬೇರೆ ಅಷ್ಟೆ ಅಂತಾದರೆ ಬರೆದದ್ದನ್ನು ಅಳಿಸಿ ಎದ್ದು ಹೋಗುತ್ತೇನೆ. ವೋಟ್ ಹಾಕುವುದೇ ಇಲ್ಲ.

ಕಾಮೆಂಟ್‌ನಲ್ಲಿ ಮೂರು ಸಂಗತಿ ಇರುವಂತೆ ನೋಡಿಕೊಳ್ಳುತ್ತೇನೆ: ತೊಂದರೆ ಎಲ್ಲಿದೆ, ಅದನ್ನು ಅವರೇ ಹೇಗೆ ಪರೀಕ್ಷೆ ಮಾಡಬಹುದು, ಸರಿ ಮಾಡುವ ದಾರಿ ಏನು. ಬರೆಯುವುದು ಇಂಗ್ಲಿಷ್‌ನಲ್ಲಿ. ಕನ್ನಡದಲ್ಲಿ ಹೇಳಿದರೆ ಹೀಗಿರುತ್ತದೆ: "ಬಳಕೆದಾರರು ಕೊಟ್ಟ ಹೆಸರು ನಾಲ್ಕನೇ ಸಾಲಿನಲ್ಲಿ ನೇರವಾಗಿ ಕ್ವೆರಿಯೊಳಗೆ ಸೇರುತ್ತಿದೆ. ಹೆಸರಿನ ನಡುವೆ ಒಂದು ಸಿಂಗಲ್ ಕೋಟ್ ಹಾಕಿ ಓಡಿಸಿ ನೋಡಿ, ಎರರ್ ಬರುತ್ತದೆ. ಹೆಸರನ್ನು ಕ್ವೆರಿಗೆ ಸೇರಿಸದೆ ಪ್ಯಾರಾಮೀಟರ್ ಆಗಿ ಬೇರೆಯಾಗಿ ಕಳಿಸಿದರೆ ಈ ತೊಂದರೆ ಇರುವುದಿಲ್ಲ." ಇಷ್ಟೇ. ಅಲ್ಲಿ ಕಾಮೆಂಟ್‌ಗೆ 600 ಅಕ್ಷರದ ಮಿತಿ ಇದೆ. ನನಗೆ ಅದರ ಅರ್ಧವೂ ಬೇಕಾಗುವುದಿಲ್ಲ.

"ನಾನು ಡೌನ್‌ವೋಟ್ ಹಾಕಿದ್ದೇನೆ" ಅಂತ ನಾನು ಎಂದೂ ಬರೆಯುವುದಿಲ್ಲ. ಕದ್ದುಮುಚ್ಚಿ ಮಾಡಬೇಕು ಅಂತಲ್ಲ. ಆ ವಾಕ್ಯ ಬಂದ ಕೂಡಲೇ ಮಾತುಕತೆ ಕೋಡ್ ಬಿಟ್ಟು ನನ್ನ ಕಡೆ ತಿರುಗುತ್ತದೆ. "ನೀವು ಯಾರು ಹೇಳೋದಕ್ಕೆ" ಅಂತ ಶುರುವಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ ಸೇಡಿನ ವೋಟ್. ಸಿಟ್ಟಾದವರು ನಮ್ಮ ಪ್ರೊಫೈಲ್‌ಗೆ ಹೋಗಿ, ಹಳೆಯ ಉತ್ತರಗಳಿಗೆಲ್ಲ ಸಾಲಾಗಿ ಮೈನಸ್ ಒತ್ತುತ್ತಾರೆ. ಹೀಗೆ ಒಬ್ಬರ ಮೇಲೆಯೇ ಸಾಲಾಗಿ ಬೀಳುವ ವೋಟ್‌ಗಳನ್ನು ಪತ್ತೆ ಮಾಡಿ ರದ್ದು ಮಾಡುವ ವ್ಯವಸ್ಥೆ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಇದೆ. ಅಂಥದ್ದೊಂದನ್ನು ಕಟ್ಟಬೇಕಾಗಿ ಬಂತು ಅಂದರೆ ಯೋಚಿಸಿ. ಕಾರಣದ ಜೊತೆ ಹೆಸರೂ ಕಡ್ಡಾಯವಾಗಿ ಕಾಣುವಂತಾದರೆ ಎಷ್ಟು ಜನ ಧೈರ್ಯವಾಗಿ ತಪ್ಪು ಉತ್ತರವನ್ನು ತಪ್ಪು ಅನ್ನುತ್ತಾರೆ? ನನ್ನಂಥ ಹಳಬರು ಹೇಗೋ ತಡೆದುಕೊಳ್ಳುತ್ತೇವೆ. ಈಗಷ್ಟೇ 125 ಅಂಕ ದಾಟಿದ ಹುಡುಗ, ಲಕ್ಷ ಅಂಕ ಇರುವವರ ಉತ್ತರಕ್ಕೆ ಹೆಸರು ಹಾಕಿ ಮೈನಸ್ ಒತ್ತುತ್ತಾನೆ ಅಂತ ನನಗೆ ನಂಬಿಕೆ ಇಲ್ಲ.

ವೋಟ್ ಹಾಕಿದ ಮೇಲೆ ಕೆಲಸ ಅರ್ಧ ಮುಗಿದಂತೆ. ಆ ಪೋಸ್ಟ್ ಅನ್ನು ಫಾಲೋ ಮಾಡಿಕೊಳ್ಳುತ್ತೇನೆ. ಅಲ್ಲಿ ವೋಟ್ ಹಾಕಿ ಕೆಲವು ನಿಮಿಷ ಆದ ಮೇಲೆ ಅದು ಲಾಕ್ ಆಗುತ್ತದೆ. ಯಾರಾದರೂ ಪೋಸ್ಟ್ ತಿದ್ದಿದರೆ ಮಾತ್ರ ಬದಲಿಸಲು ಸಾಧ್ಯ. ಈ ಏರ್ಪಾಟು ನನಗೆ ತುಂಬಾ ಇಷ್ಟ. ತಿದ್ದಿದ ಸುದ್ದಿ ಬಂದ ಕೂಡಲೇ ಹೋಗಿ ನೋಡುತ್ತೇನೆ. ಸರಿಯಾಗಿದ್ದರೆ ಮೈನಸ್ ವಾಪಸ್, ಎಷ್ಟೋ ಸಲ ಅದರ ಜಾಗದಲ್ಲಿ ಪ್ಲಸ್. ನನ್ನ ಹಳೆಯ ಕಾಮೆಂಟನ್ನೂ ಅಳಿಸುತ್ತೇನೆ, ಯಾಕೆಂದರೆ ಅದು ಈಗ ಇಲ್ಲದ ತಪ್ಪನ್ನು ತೋರಿಸುತ್ತಿರುತ್ತದೆ. ಕಾರಣ ಬರೆದು, ತಿದ್ದಿದ ಮೇಲೂ ಮೈನಸ್ ಹಾಗೇ ಬಿಟ್ಟರೆ ಆ ಕಾರಣಕ್ಕೆ ಬೆಲೆ ಏನು?

ಇನ್ನು ಕಾರಣ ಬರೆಯದೆ ವೋಟ್ ಹಾಕುವ ಸಂದರ್ಭ. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂತು. ಡಿಸೆಂಬರ್ ಮೊದಲ ವಾರದಲ್ಲೇ ಸ್ಟ್ಯಾಕ್ ಓವರ್‌ಫ್ಲೋ ಅದರಿಂದ ಬರೆಸಿದ ಉತ್ತರಗಳನ್ನು ನಿಷೇಧಿಸಿತು. ನೋಡಲು ಸರಿಯಾಗಿ ಕಾಣುತ್ತವೆ, ಆದರೆ ಸರಿ ಇರುವುದು ಕಡಿಮೆ ಅನ್ನುವುದು ಅವರು ಕೊಟ್ಟ ಕಾರಣ. ಅಂಥ ಉತ್ತರಗಳನ್ನು ಓದುವ ಕಷ್ಟ ನಾನು ಪಟ್ಟಿದ್ದೇನೆ. ಇಂಗ್ಲಿಷ್ ಚೆನ್ನಾಗಿರುತ್ತದೆ, ವಿವರಣೆ ಉದ್ದ ಇರುತ್ತದೆ, ಆದರೆ ಬಳಸಿರುವ ಫಂಕ್ಷನ್ ಆ ಲೈಬ್ರರಿಯಲ್ಲಿ (ಸಿದ್ಧ ಕೋಡ್‌ನ ಸಂಗ್ರಹದಲ್ಲಿ) ಇರುವುದೇ ಇಲ್ಲ. ಅದು ಇಲ್ಲ ಅಂತ ಖಚಿತ ಮಾಡಿಕೊಳ್ಳಲು ನಾನು ದಾಖಲೆ ಹುಡುಕಬೇಕು, ಕೋಡ್ ಓಡಿಸಬೇಕು. ಹಾಕಿದವರಿಗೆ ಅದು ಕಾಪಿ ಪೇಸ್ಟ್ ಮಾಡುವಷ್ಟು ಹೊತ್ತಿನ ಕೆಲಸ. ಪ್ರತಿಯೊಂದಕ್ಕೂ ಕಾರಣ ಬರೆಯಲೇಬೇಕು ಅಂದರೆ ಓದಿ ಪರೀಕ್ಷಿಸುವವರೇ ಸೋತು ಹೋಗುತ್ತಾರೆ. ಕಡ್ಡಾಯ ನಿಯಮದ ವಿರುದ್ಧ ನನ್ನ ಬಲವಾದ ವಾದ ಇದೇ. ಕೆಟ್ಟದ್ದನ್ನು ಬರೆಯುವುದು ಸಸ್ತಾ, ಬೇಡ ಅನ್ನುವುದು ದುಬಾರಿ ಆಗಬಾರದು.

ಕಡ್ಡಾಯ ಮಾಡಿದರೆ ಕಾರಣ ಸಿಗುತ್ತದೆ ಅನ್ನುವುದೂ ಭ್ರಮೆ. ಅಲ್ಲಿ ಕಾಮೆಂಟ್‌ಗೆ ಕನಿಷ್ಠ 15 ಅಕ್ಷರ ಬೇಕು. ಮನಸ್ಸಿಲ್ಲದವರು "ಚೆನ್ನಾಗಿಲ್ಲ ಚೆನ್ನಾಗಿಲ್ಲ" ಅಂತ ತುಂಬಿಸಿ ಹೋಗುತ್ತಾರೆ, ಅಷ್ಟೇ. ಅದನ್ನು ಓದಿದವರಿಗೆ ಮೌನಕ್ಕಿಂತ ಜಾಸ್ತಿ ಬೇಜಾರು. ತಂತ್ರಜ್ಞಾನ ಸುದ್ದಿಯ ತಾಣ ಸ್ಲ್ಯಾಶ್‌ಡಾಟ್‌ನವರು ಬೇರೆ ದಾರಿ ಹಿಡಿದರು. ಅಂಕ ಇಳಿಸಬೇಕಾದರೆ ವಿಷಯಕ್ಕೆ ಸಂಬಂಧ ಇಲ್ಲ, ಹೇಳಿದ್ದೇ ಹೇಳಿದ್ದು, ಜಗಳಕ್ಕೆ ಎಳೆಯುವುದು ಅನ್ನುವಂಥ ಪಟ್ಟಿಯಲ್ಲಿ ಒಂದನ್ನು ಆರಿಸಬೇಕು. ಬರೆಯುವ ಶ್ರಮ ಇಲ್ಲ, ಆದರೂ ಬರೆದವರಿಗೆ ಒಂದು ಸುಳಿವು ಸಿಗುತ್ತದೆ. ನನಗೆ ಇದು ಹೆಚ್ಚು ಸರಿ ಕಾಣುತ್ತದೆ.

ಹಳೆಯ ಉತ್ತರಗಳದ್ದು ಇನ್ನೊಂದು ಕಥೆ. ವೆಬ್ ತಾಣ ಕಟ್ಟಲು ಬಳಸುವ ಪಿಎಚ್‌ಪಿ ಭಾಷೆಯಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಳಸುವ ಹಳೆಯ ಫಂಕ್ಷನ್‌ಗಳನ್ನು 2015ರ ಕೊನೆಯಲ್ಲಿ ಬಂದ 7.0 ಆವೃತ್ತಿಯಲ್ಲಿ ತೆಗೆದುಹಾಕಿದರು. ಅವುಗಳನ್ನೇ ಬಳಸಿದ ಸಾವಿರಾರು ಉತ್ತರ ಅಲ್ಲಿ ಉಳಿದಿವೆ. ಬರೆದಾಗ ಅವು ಸರಿಯೇ ಇದ್ದವು. ಬರೆದವರಲ್ಲಿ ಎಷ್ಟೋ ಜನ ಈಗ ಅತ್ತ ಸುಳಿಯುವುದೂ ಇಲ್ಲ. ಇಲ್ಲಿ ಡೌನ್‌ವೋಟ್ ಹಾಕಿ ಅವರ 2 ಅಂಕ ಕಳೆಯಲು ನನಗೆ ಮನಸ್ಸು ಬರುವುದಿಲ್ಲ. ಬದಲಿಗೆ ಕಾಮೆಂಟ್ ಮಾತ್ರ ಹಾಕುತ್ತೇನೆ: ಇದು ಹೊಸ ಪಿಎಚ್‌ಪಿಯಲ್ಲಿ ಓಡುವುದಿಲ್ಲ, ಪಿಡಿಒ (ಪಿಎಚ್‌ಪಿಯಲ್ಲಿ ಡೇಟಾಬೇಸ್ ಬಳಸುವ ಇನ್ನೊಂದು ವಿಧಾನ) ಬಳಸಿ. ಅದು ಬರೆದವರಿಗೆ ಹೇಳಿದ್ದಲ್ಲ, ನಾಳೆ ಗೂಗಲ್‌ನಿಂದ ಅಲ್ಲಿಗೆ ಬರುವವರಿಗೆ ಹೇಳಿದ್ದು. ಕಾರಣದ ಚರ್ಚೆಯಲ್ಲಿ ಎಲ್ಲರೂ ವೋಟ್ ಬಿದ್ದವರ ಬಗ್ಗೆಯೇ ಮಾತಾಡುತ್ತಾರೆ. ಓದುಗರನ್ನು ಮರೆಯುತ್ತಾರೆ.

ಹೊಸಬರ ಪ್ರಶ್ನೆಗಳ ವಿಷಯದಲ್ಲಿ ಮಾತ್ರ ನಾನು ಬಹಳ ಮೆತ್ತಗೆ. ನನ್ನ ಚಿಕ್ಕಪ್ಪನ ಮಗಳು ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಒಂದು ಪ್ರಶ್ನೋತ್ತರ ತಾಣದಲ್ಲಿ ಮೊದಲ ಸಲ ಪ್ರಶ್ನೆ ಕೇಳಿ, ನನಗೆ ಫೋನ್ ಮಾಡಿದಳು.

"ಅಕ್ಕಾ, ನಾನೇನು ತಪ್ಪು ಕೇಳಿದೆ? ಬರೀ ಮೈನಸ್ ಹಾಕ್ತಿದ್ದಾರೆ. ಯಾಕೆ ಅಂತ ಒಬ್ರೂ ಹೇಳ್ತಿಲ್ಲ."

ಪ್ರಶ್ನೆ ತೆರೆದು ನೋಡಿದೆ. ಕಂಪ್ಯೂಟರ್ ಪರದೆಯ ಫೋಟೋವನ್ನು ಮೊಬೈಲ್‌ನಲ್ಲಿ ತೆಗೆದು ಹಾಕಿದ್ದಳು.

"ಫೋಟೋ ಹಾಕಬೇಡ ಕಣೇ. ಕೋಡನ್ನು ಅಕ್ಷರದಲ್ಲೇ ಹಾಕು. ಎರರ್ ಪೂರ್ತಿ ಹಾಕು. ಏನಾಗಬೇಕಿತ್ತು, ಏನಾಯ್ತು ಅಂತ ಎರಡು ಸಾಲು ಬರಿ."

"ಅಷ್ಟೇನಾ? ಅಷ್ಟನ್ನ ಅವರೇ ಹೇಳಬಹುದಿತ್ತಲ್ಲಾ ಅಕ್ಕಾ?"

ಹೇಳಬಹುದಿತ್ತು. ಫೋಟೋದಲ್ಲಿರುವ ಕೋಡನ್ನು ಯಾರೂ ಕಾಪಿ ಮಾಡಿ ಓಡಿಸಿ ನೋಡಲು ಆಗುವುದಿಲ್ಲ. ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಅದನ್ನು ಓದುವುದಿಲ್ಲ. ನಮಗೆ ಇದು ಎಷ್ಟು ಗೊತ್ತಿರುವ ವಿಷಯ ಅಂದರೆ, ಗೊತ್ತಿಲ್ಲದವರು ಇರುತ್ತಾರೆ ಅನ್ನುವುದೇ ಮರೆತುಹೋಗಿರುತ್ತದೆ. ಅವಳು ತಿದ್ದಿದಳು, ಉತ್ತರವೂ ಬಂತು. ಹೊಸಬರ ಮೊದಲ ಪ್ರಶ್ನೆಗೆ ನಾನು ಕಾಮೆಂಟ್ ಹಾಕಿ, ತಿದ್ದಲು ಸಮಯ ಕೊಟ್ಟು, ಆಮೇಲೂ ಹಾಗೇ ಇದ್ದರೆ ಮಾತ್ರ ವೋಟ್ ಹಾಕುತ್ತೇನೆ.

ಇದಕ್ಕೆ ಕರುಣೆ ಒಂದೇ ಕಾರಣ ಅಲ್ಲ. ಜಸ್ಟಿನ್ ಚೆಂಗ್ ಮತ್ತು ಸಂಗಡಿಗರು 2014ರಲ್ಲಿ ನಾಲ್ಕು ಸುದ್ದಿ ತಾಣಗಳ ಪ್ರತಿಕ್ರಿಯೆಗಳನ್ನು ಅಧ್ಯಯನ ಮಾಡಿದರು. ಮೈನಸ್ ಬಿದ್ದವರು ಸುಧಾರಿಸಲಿಲ್ಲ. ಆಮೇಲೆ ಇನ್ನೂ ಜಾಸ್ತಿ ಬರೆದರು, ಬರೆದದ್ದರ ಗುಣಮಟ್ಟ ಇಳಿಯಿತು, ಬೇರೆಯವರಿಗೂ ಮೈನಸ್ ಹಾಕುವುದು ಹೆಚ್ಚಾಯಿತು. ಸುದ್ದಿ ತಾಣದ ಜಗಳಕ್ಕೂ ಪ್ರೋಗ್ರಾಮಿಂಗ್ ಪ್ರಶ್ನೆಗೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೂ ಬರೀ ಮೈನಸ್ ಒಂದು ಪಾಠ ಕಲಿಸುತ್ತದೆ ಅಂತ ನಂಬಿಕೊಂಡವರು ಇದನ್ನು ಗಮನಿಸಬೇಕು.

ಕಾರಣ ಕಡ್ಡಾಯ ಇರಲೇಬೇಕಾದ ಜಾಗವೂ ಇದೆ. ಪ್ರಶ್ನೆಯನ್ನು ಮುಚ್ಚುವುದು ಅಂಥದ್ದು. ಸ್ಟ್ಯಾಕ್ ಓವರ್‌ಫ್ಲೋದಲ್ಲಿ 3000 ಅಂಕ ಇದ್ದವರು ಮುಚ್ಚಲು ವೋಟ್ ಹಾಕಬಹುದು, ಹಾಕುವಾಗ ಕಾರಣ ಆರಿಸಲೇಬೇಕು. ಮುಚ್ಚಿದ ಪ್ರಶ್ನೆಗೆ ಹೊಸ ಉತ್ತರ ಬರುವ ಬಾಗಿಲೇ ಬಂದ್. ವಿಕಿಪೀಡಿಯದಲ್ಲೂ ಹಾಗೆಯೇ. ಲೇಖನ ಅಳಿಸಬೇಕೇ ಅಂತ ಚರ್ಚೆ ಬಂದಾಗ ತಲೆ ಎಣಿಸುವುದಿಲ್ಲ, ವಾದ ತೂಗುತ್ತಾರೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಸಮುದಾಯದ ಮಾತುಕತೆಗೆ ಅರಳಿ ಕಟ್ಟೆ ಅನ್ನುವ ಪುಟ ಇದೆ. ಅಲ್ಲಿ ಬೇಡ ಅನ್ನುವವರು ಸಹಿ ಹಾಕಿಯೇ ಬೇಡ ಅನ್ನುತ್ತಾರೆ. ಕೆಲವೇ ಜನ ಸಕ್ರಿಯರಾಗಿರುವ ಜಾಗದಲ್ಲಿ ಹಾಗಿರುವುದೇ ಸರಿ. ಒಬ್ಬರು ಬರೆದದ್ದನ್ನು ಪೂರ್ತಿ ತೆಗೆಯುವಾಗ ಯಾಕೆ ಅಂತ ಹೇಳುವುದು ತೆಗೆಯುವವರ ಸಾಲ. ಎರಡು ಅಂಕಕ್ಕೆ ಆ ಸಾಲ ಇಲ್ಲ.

ಹೊಸದಾಗಿ ಡೌನ್‌ವೋಟ್ ಹಕ್ಕು ಸಿಕ್ಕಿದವರಿಗೆ ಒಂದು ಅನುಕೂಲದ ಮಾತು. ಪದೇ ಪದೇ ಬರೆಯಬೇಕಾಗುವ ಕಾರಣಗಳನ್ನು ನಾನು ಒಂದು ನೋಟ್‌ಪ್ಯಾಡ್ ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ: ಫೋಟೋ ಬೇಡ, ಎರರ್ ಪೂರ್ತಿ ಹಾಕಿ, ಟೇಬಲ್‌ನ ಸ್ವಲ್ಪ ಮಾದರಿ ಡೇಟಾ ಕೊಡಿ, ಪ್ಯಾರಾಮೀಟರ್ ಬಳಸಿ. ಮೊದಲ ವಾಕ್ಯವನ್ನು ಮಾತ್ರ ಪ್ರತಿ ಸಲ ಹೊಸದಾಗಿ, ಅವರ ಕೋಡನ್ನೇ ನೋಡಿ ಬರೆಯುತ್ತೇನೆ. ಉಳಿದದ್ದನ್ನು ಅಂಟಿಸುತ್ತೇನೆ. ಹೀಗೆ ಮಾಡಿದರೆ ಕಾರಣ ಬರೆಯಲು ಒಂದು ನಿಮಿಷವೂ ಹಿಡಿಯುವುದಿಲ್ಲ, ಬರೆಯದೆ ಇರಲು ನೆಪವೂ ಉಳಿಯುವುದಿಲ್ಲ.